ಆ ಭಾನುವಾರ ನೀನು ಸಾಯಲಿಲ್ಲ

ಮಂಗಳವಾರ, ಬೆಳಗ್ಗೆ

ಮೊಂಡರಲ್ಲಿ ಮೊಂಡನಾದ ನನ್ನ ಅಪ್ಪನಿಗೆ, ನಿನ್ನ ದಾನಿತ್ಸಾಳ ಮುತ್ತುಗಳು.

ಸಿಟ್ಟಿನಲ್ಲಿ ಇದನ್ನು ಹರಿದು ಒಲೆಗೆ ಹಾಕಬೇಡ. ಓದಿ ಮುಗಿಸಿ ಬೇಕಾದರೆ ಹಾಕು. ಎಲ್ಲಿ ಕೂತು ಬರೆಯುತ್ತಿದ್ದೇನೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಈಗಲೇ ಹೇಳಿದರೆ ನೀನು ಮುಂದೆ ಓದುವುದಿಲ್ಲ. ಮಂಡಿಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ. ಡಾಕ್ಟರ ಅಕ್ಷರ ಇನ್ನು ಹೇಗಿರುತ್ತದೆ ಎಂದು ಅಣಕಿಸುತ್ತಿದ್ದವನು ನೀನೇ ತಾನೆ.

ಗುರುವಾರದಿಂದ ನೀನು ಫೋನ್ ಎತ್ತಿಲ್ಲ. ಸೆಕೆಗೆ ಹೆದರಿ ನೆಲದೊಳಗೆ ಕೊರೆದುಕೊಂಡ ನಿನ್ನ ಮನೆಗೆ ಸಿಗ್ನಲ್ ಇಳಿಯುವುದಿಲ್ಲ, ಒಪ್ಪಿದೆ. ಆದರೆ ಮನಸ್ಸಿದ್ದಾಗ ಮನೆಯ ಮೇಲಿನ ಬಿಳಿ ಮಣ್ಣಿನ ದಿಬ್ಬ ಹತ್ತಿ ಬಂದು ಕೂರುವುದು ನಿನಗೆ ಗೊತ್ತಿಲ್ಲದ್ದೇನಲ್ಲ. ನಾನು ಫೋನಿನಲ್ಲಿ ಎಲ್ಲ ಹೇಳಿದ ಮೇಲೆ ಅಂಗಡಿಯ ನೊಯೆಲೀನ್ ಬಂದು ಬಂದು ಬಾಗಿಲು ಬಡಿದಳಂತೆ. "ಇಂಟರ್‌ವ್ಯೂನ ಅರ್ಧಕ್ಕೆ ಬಿಟ್ಟು ಎದ್ದೋದ್ಲಂತಲ್ಲ, ನಂಗೆ ಮಗಳೇ ಇಲ್ಲ ಅಂತ ಹೇಳು ಅವ್ಳಿಗೆ" ಎಂದೆಯಂತೆ ನೀನು. ನೊಯೆಲೀನ್ ಪಾಪ ಸೂಪಿನ ಪಾತ್ರೆ ಹಿಡಿದು ನಿಂತಿದ್ದಳು. "ನೋಡಮ್ಮ ದಾನಾ, ಬಾಗ್ಲು ಸಂದೀಲಿ ಕೈ ಚಾಚಿ ಸೂಪು ಮಾತ್ರ ಇಸ್ಕೊಂಡ, ಮುಖ ತೋರಿಸ್ಲಿಲ್ಲ ಮುದುಕ. ಆದ್ರೆ ಆ ಕೈ ನೋಡ್ಬೇಕಿತ್ತು ನೀನು, ಬರೀ ಮೂಳೆ ಕಣೆ" ಎಂದು ಫೋನಿನಲ್ಲಿ ಅತ್ತಳು.

ಬರೀ ಮೂಳೆ. ನಾನು ಡಾಕ್ಟರು ಅಪ್ಪ. ಆ ಎರಡು ಮಾತು ಸಾಕು ನನಗೆ. ನಿನ್ನ ಅನ್ನನಾಳದಲ್ಲಿ ಏನು ಬೆಳೆದಿರಬಹುದು ಎಂದು ಆಗಿನಿಂದ ಲೆಕ್ಕ ಹಾಕುತ್ತ ಕೂತಿದ್ದೇನೆ. ಒಂದು ಲೆಕ್ಕದಲ್ಲಿ ಇನ್ನೂ ಸಮಯವಿದೆ. ಇನ್ನೊಂದು ಲೆಕ್ಕದಲ್ಲಿ ಸಮಯ ಮೀರಿದೆ. ಯಾವುದು ಸರಿ ಎಂದು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡದೆ ಯಾರೂ ಹೇಳಲಾರರು, ನೀನಂತೂ ಬಾಗಿಲನ್ನೇ ತೆಗೆಯುತ್ತಿಲ್ಲ. ನಾನು ಯಾರ ಕಾಲು ಹಿಡಿಯಲಿ ಹೇಳು.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಕೂರಲು ಬೇಕಾದ ಫ್ಯಾಮಿಲಿ ಡಾಕ್ಟರ್ ತರಬೇತಿಗೆ ನಾನು ಅರ್ಜಿ ಹಾಕಿದ್ದು ಇದು ಮೂರನೇ ಸಲ, ಮೂರಕ್ಕಿಂತ ಹೆಚ್ಚು ಸಲ ಬಿಡುವುದಿಲ್ಲ. ನಮ್ಮ ಊರಿಗೆ ಒಬ್ಬ ಡಾಕ್ಟರು ಬಂದು ನಿಂತು ಎಷ್ಟು ವರ್ಷವಾಯಿತು? ಬರುತ್ತಾರೆ, ಹದಿನೈದು ದಿನ ಇರುತ್ತಾರೆ, ಸೆಕೆ ನೊಣ ಎಂದು ಗೊಣಗಿ ವಿಮಾನ ಹತ್ತುತ್ತಾರೆ. "ನನ್ನ ಕಥೆ ಹೇಳಿ ಮುಗ್ಸೋ ಹೊತ್ತಿಗೆ ಅವ್ನ ಡ್ಯೂಟಿ ಮುಗ್ದಿರುತ್ತೆ" ಎಂದು ನೀನು ನಗುತ್ತಿದ್ದೆ. ಅಮ್ಮನ ವಿಷಯದಲ್ಲಿ ಮಾತ್ರ ನಗಲಿಲ್ಲ. ಅವಳ ಕೆಮ್ಮನ್ನು ಐದು ಜನ ಡಾಕ್ಟರು ಮೊದಲ ಸಲ ನೋಡಿದರು, ಎರಡನೇ ಸಲ ಯಾರೂ ನೋಡಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನ ನೀನು ನನಗೆ ಹೇಳಿದ್ದು ಒಂದೇ ಮಾತು, "ನೀನು ಇಲ್ಲೇ ಇರೋ ಡಾಕ್ಟ್ರಾಗು." ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಹಾಗೆ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ನೀಲಿ ಬಣ್ಣ ಹೊಡೆದು, ನನಗೆಂದು ಕುರ್ಚಿಯನ್ನೂ ಹಾಕಿಸಿದೆ. ಆ ಕುರ್ಚಿಯಲ್ಲಿ ನೊಯೆಲೀನಳ ನಾಯಿ ಮಲಗುತ್ತದಂತೆ ಈಗ.

ಆ ನಾಯಿ ಈಸ್ಟರ್ ಹಬ್ಬದಿಂದ ಈಚೆಗೆ ನಿನ್ನ ತಟ್ಟೆಯ ಮಾಂಸ ತಿಂದು ಕೊಬ್ಬಿದೆ ಎಂದು ಅವಳು ಹೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಕೆಂಡದ ಮೇಲೆ ಸುಟ್ಟ ಕುರಿಮಾಂಸವನ್ನು ನೀನು ಯಾವ ನಾಯಿಗೆ ಹಾಕಿದವನು? ಮೂಳೆಯನ್ನೂ ಬಿಡದವನು ನೀನು.

ಮೊದಲೆರಡು ಸಲ ನಾನು ಯಾಕೆ ಫೇಲಾದೆ ಎನ್ನುವುದು ನಿನಗೆ ಬಾಯಿಪಾಠ. ಇಂಟರ್‌ವ್ಯೂನಲ್ಲಿ ನಟರನ್ನು ರೋಗಿಗಳ ಹಾಗೆ ಕೂರಿಸಿರುತ್ತಾರೆ, ನಾವು ಅವರ ಜೊತೆ ಮಾತಾಡಬೇಕು. ಎರಡು ಸಲವೂ ನಾನು ರೋಗವನ್ನು ಥಟ್ಟನೆ ಹಿಡಿದೆ. ಆದರೆ ಮನುಷ್ಯರನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಅಂಕ ಕಳೆದರು. "ಕೇಳಿಸ್ಕೊಳ್ಳೋದಕ್ಕೇನು ದೊಡ್ಡ ವಿದ್ಯೆ? ನಾನು ಕೂರ್ತೀನಿ, ಅಭ್ಯಾಸ ಮಾಡು" ಎಂದೆ ನೀನು. ಹಾಗೆ ಶುರುವಾಯಿತು ನಮ್ಮ ಭಾನುವಾರಗಳ ನಾಟಕ. ನಾನು ನಗರದ ಆಸ್ಪತ್ರೆಯ ಮೆಟ್ಟಿಲ ಮೇಲೆ, ನೀನು ನಮ್ಮ ದಿಬ್ಬದ ಮೇಲೆ, ನಡುವೆ ಫೋನು. ನಾನು ಕಳಿಸಿದ ಪುಸ್ತಕದಿಂದ ಒಂದೊಂದು ವಾರ ಒಂದೊಂದು ರೋಗಿಯನ್ನು ಆರಿಸಿಕೊಂಡು ನೀನು ಪಾತ್ರ ಮಾಡುತ್ತಿದ್ದೆ.

ಅಯ್ಯೋ, ಏನು ಪಾತ್ರ ಅಪ್ಪಾ ಅವು! ಮೈಗ್ರೇನಿನ ಹುಡುಗಿಯಾದರೆ ದಿಬ್ಬವೆಲ್ಲ ಉರುಳಾಡುತ್ತಿದ್ದೆಯಂತೆ. ಒಂದು ವಾರ ನೀನು ಬಸುರಿ. "ಡಾಕ್ಟ್ರೇ, ಮುಟ್ಟು ನಿಂತೋಗಿದೆ, ಗಂಡ ಬೇರೆ ಓಡೋಗಿದಾನೆ" ಎಂದು ಗಡಸು ದನಿಯಲ್ಲಿ ಕಿರುಚಿದ್ದು ಅಂಗಡಿಯ ತನಕ ಕೇಳಿಸಿ, ನೊಯೆಲೀನ್ ಮರುದಿನ ಕೂಸಿಗೆಂದು ಉಣ್ಣೆಯ ಕಾಲುಚೀಲ ಹೆಣೆದು ತಂದುಕೊಟ್ಟಳು. ನೆಗಡಿ ಇರಲಿ, ಉಗುರುಸುತ್ತು ಇರಲಿ, ನಿನ್ನ ಎಲ್ಲ ರೋಗಿಗಳೂ ಕೊನೆಗೆ ಸತ್ತೇ ಸಾಯುತ್ತಿದ್ದರು. "ಅಯ್ಯೋ, ಕಣ್ಣು ಕತ್ಲೆ ಬರ್ತಿದೆ ಡಾಕ್ಟ್ರೇ... ನನ್ನ ಓಪಲ್ ಕಲ್ಲುಗಳ್ನ ಮಗಳಿಗೆ ಕೊಡಿ..." ಎಂದು ಗೊರಗೊರ ಸದ್ದು ಮಾಡಿ ನೀನು ಸಾಯುವಾಗ ನಾನು ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ಅಪ್ಪಾ, ಉಗುರುಸುತ್ತಿಗೆ ಯಾರೂ ಸಾಯಲ್ಲ" ಎಂದರೆ, "ನಿನ್ನ ಕೈಗೆ ಸಿಕ್ಕಿದ್ರೆ ಸಾಯ್ತಾರೆ. ನಿಂಗೆ ಹತ್ತಕ್ಕೆ ಆರೇ ಅಂಕ" ಎನ್ನುತ್ತಿದ್ದೆ. ಆರರ ಮೇಲೆ ನೀನು ಯಾವತ್ತೂ ಕೊಟ್ಟವನಲ್ಲ.

ಇನ್ನು ಇಂಟರ್‌ವ್ಯೂಗೆ ಮುಂಚಿನ ಆ ಭಾನುವಾರ. ಇದನ್ನು ಬರೆಯುವುದಕ್ಕೆ ಮನಸ್ಸೇ ಬರುತ್ತಿಲ್ಲ. ಬರೆಯದೆ ವಿಧಿಯಿಲ್ಲ.

"ಡಾಕ್ಟ್ರೇ, ಎಪ್ಪತ್ತು ದಾಟಿದ ಗಂಡ್ಸು ನಾನು. ಊಟ ಇಳೀತಿಲ್ಲ" ಎಂದೆ ನೀನು. ದನಿ ಸ್ವಲ್ಪ ಒಡೆದಿತ್ತು. ಪಾತ್ರಕ್ಕೆ ತಕ್ಕ ದನಿ ಎಂದುಕೊಂಡೆ ನಾನು, ಮೂರ್ಖಳು. ಯಾವಾಗಿನಿಂದ ಎಂದು ಕೇಳಿದೆ. "ಮೊದ್ಲು ಮಾಂಸ ಸಿಕ್ಕಾಕ್ಕೊಳ್ತಿತ್ತು. ಆಮೇಲೆ ಬ್ರೆಡ್ಡು. ಈಗ ಬ್ರೆಡ್ಡನ್ನ ಸೂಪಲ್ಲಿ ನೆನೆಸಿ ನುಂಗ್ತೀನಿ. ಪ್ಯಾಂಟು ಜಾರುತ್ತೆ, ಬೆಲ್ಟಿಗೆ ಮೊಳೇಲಿ ಹೊಸ ತೂತು ಹೊಡ್ಕೊಂಡೆ." ನಾನು ಪುಸ್ತಕದಲ್ಲಿದ್ದ ಹಾಗೆ ದನಿ ಮೆತ್ತಗೆ ಮಾಡಿಕೊಂಡು, "ಇದು ನಿಮಗೆ ಎಷ್ಟು ಕಷ್ಟ ಆಗ್ತಿರಬೇಕು ಅಂತ ನನಗೆ ಅರ್ಥವಾಗುತ್ತೆ" ಎಂದೆ. ನನಗೆ ಏನೂ ಅರ್ಥವಾಗಿರಲಿಲ್ಲ ಅಪ್ಪ. ಮುಂದಿನ ವಾಕ್ಯ ಯಾವುದು ಎಂದು ಮಾತ್ರ ಯೋಚಿಸುತ್ತಿದ್ದೆ.

ಈ ವಾರವೇ ಪರೀಕ್ಷೆ ಮಾಡಿಸಬೇಕು, ತಡ ಮಾಡುವ ಹಾಗಿಲ್ಲ ಎಂದೆ. ಅಷ್ಟರ ಮಟ್ಟಿಗೆ ನಾನು ಸರಿಯಿದ್ದೆ. ಆಗ ನೀನು, "ಒಂದು ಕೆಲ್ಸ ಬಾಕಿ ಇದೆ ಡಾಕ್ಟ್ರೇ. ನಂಗೆ ಅದು ಎಲ್ಲಕ್ಕಿಂತ ದೊಡ್ದು. ಅದು ಮುಗಿಯೋವರ್ಗೂ ಯಾರ್ಗೂ ಗೊತ್ತಾಗ್ಬಾರ್ದು" ಎಂದೆ. ರೋಗಿ ಹೀಗೆ ಹಟ ಹಿಡಿದರೆ ಏನು ಹೇಳಬೇಕು ಎಂದು ನಾನು ಉರು ಹೊಡೆದಿದ್ದೆನಲ್ಲ. "ನಿಮ್ಮ ನಿರ್ಧಾರವನ್ನ ಗೌರವಿಸ್ತೀನಿ. ಆ ಕೆಲಸ ಮುಗಿದ ಕೂಡಲೇ ಬರ್ತೀನಿ ಅಂತ ನನಗೆ ಮಾತು ಕೊಡ್ತೀರಾ?" ಎಂದೆ. ದಿಬ್ಬದ ಮೇಲಿನ ಗಾಳಿ ಮಾತ್ರ ಕೇಳುತ್ತಿತ್ತು. ಆಮೇಲೆ, "ಕೊಟ್ಟೆ" ಎಂದೆ.

ನಾನು ಚಪ್ಪಾಳೆ ತಟ್ಟಿದೆ. "ಭೇಷ್ ಅಪ್ಪಾ, ಇವತ್ತು ಸಕತ್ತಾಗಿ ಮಾಡ್ದೆ, ಹತ್ತಕ್ಕೆಷ್ಟು?" ಎಂದೆ. "ಹತ್ತಕ್ಕೆ ಹತ್ತು. ನೀನು ಒಳ್ಳೇ ಡಾಕ್ಟ್ರು ಕಣೆ" ಎಂದೆ ನೀನು. ನಾನು ಕುಣಿದಾಡಿದೆ, ಜೊತೆಯ ಡಾಕ್ಟರುಗಳಿಗೆಲ್ಲ ಹೇಳಿಕೊಂಡು ಬಂದೆ.

ಗುರುವಾರ ಇಂಟರ್‌ವ್ಯೂ. ಕಂಪ್ಯೂಟರಿನ ಪರದೆಯ ಮೇಲೆ ಒಂದಾದ ಮೇಲೆ ಒಂದು ಕೋಣೆ ತೆರೆದುಕೊಳ್ಳುತ್ತದೆ, ಒಂದೊಂದರಲ್ಲಿ ಒಬ್ಬೊಬ್ಬರು. ಮೊದಲನೆಯದು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಒಬ್ಬ ಹೆಂಗಸು, ಎದೆನೋವಿನ ಪಾತ್ರ. ಪಾಪ, ಬಹಳ ಉತ್ಸಾಹದ ನಟಿ. ಕುರ್ಚಿ ಹಿಡಿದುಕೊಂಡು ನರಳಿದಳು, ಕಣ್ಣು ಮೇಲೆ ಮಾಡಿದಳು, ಕರವಸ್ತ್ರ ಕಚ್ಚಿದಳು. ಥೇಟ್ ನೀನೇ. ನನಗೆ ನಗು ಬಂತು, ತಡೆದುಕೊಂಡೆ. ಇನ್ನೇನು ಇವಳು ಸತ್ತೇ ಹೋಗುತ್ತಾಳೆ ನಮ್ಮ ಅಪ್ಪನ ಹಾಗೆ ಎಂದುಕೊಂಡೆ. ಅಷ್ಟೇ ನೋಡು. ಆಗ ಹೊಳೆಯಿತು.

ಆ ಭಾನುವಾರ ನೀನು ಸಾಯಲಿಲ್ಲ.

ನರಳಲಿಲ್ಲ. ಉರುಳಲಿಲ್ಲ. ಕಲ್ಲುಗಳನ್ನು ಮಗಳಿಗೆ ಕೊಡಿ ಎನ್ನಲಿಲ್ಲ. ನೀನು ನಟನೆಯನ್ನೇ ಮಾಡಲಿಲ್ಲ ಅಪ್ಪ. ಹೇಳಬೇಕಾದ್ದನ್ನು ಹೇಳಿದೆ, ಮಾತು ಕೊಟ್ಟೆ, ಫೋನ್ ಇಟ್ಟೆ. ಗೊತ್ತಾದ ತಕ್ಷಣ ನಾನು ಎದ್ದೆ. "ಕ್ಷಮಿಸಿ, ನಮ್ಮಪ್ಪಂಗೆ ಫೋನ್ ಮಾಡ್ಬೇಕು" ಎಂದು ಪರದೆ ಮುಚ್ಚಿ ಹೊರಗೆ ಓಡಿದೆ. ಮರುದಿನ ಅಲ್ಲಿಂದ ಒಬ್ಬಾಕೆ ಫೋನ್ ಮಾಡಿ ತುಂಬ ಮೃದುವಾಗಿ ಮಾತಾಡಿದಳು. ನಿಮ್ಮ ಸಂಕಟ ನಮಗೆ ಅರ್ಥವಾಗುತ್ತದೆ, ಆದರೆ ಪೂರ್ತಿ ಮಾಡದವರಿಗೆ ಅಂಕ ಕೊಡುವ ಪದ್ಧತಿ ಇಲ್ಲ, ಮತ್ತೆ ಅರ್ಜಿ ಹಾಕುವ ಅವಕಾಶವೂ ಉಳಿದಿಲ್ಲ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋದರೆ ಹೋಗಲಿ ಎಂದುಕೊಂಡು ಫೋನ್ ಇಟ್ಟೆ. ನನಗೆ ಒಂದು ಚೂರೂ ಬೇಸರವಿಲ್ಲ.

ನೀನು ಕಲ್ಲು ತೋಡುವವನು. ಏನಾದರೂ ಸಿಕ್ಕಿತೇ ಎಂದು ಯಾರು ಕೇಳಿದರೂ "ಬರೀ ಮಣ್ಣು" ಎನ್ನುವುದು ನಿಮ್ಮ ಜನರ ರೂಢಿ. ಅಂಗೈಯಲ್ಲಿ ಬೆಂಕಿಯಂಥ ಓಪಲ್ ರತ್ನ ಹಿಡಿದುಕೊಂಡೇ ಬರೀ ಮಣ್ಣು ಎನ್ನುತ್ತೀರಿ. ಅಮ್ಮ ಹೇಗಿದ್ದಾಳೆ ಎಂದರೂ ಬರೀ ಮಣ್ಣು, ನೀನು ಹೇಗಿದ್ದೀಯ ಎಂದರೂ ಬರೀ ಮಣ್ಣು. ಜೀವಮಾನದಲ್ಲಿ ಒಂದೇ ಒಂದು ಸಲ ನೀನು ಅಂಗೈ ಬಿಚ್ಚಿ ತೋರಿಸಿದೆ, ನಿನ್ನ ಮಗಳು ಅದಕ್ಕೆ ಚಪ್ಪಾಳೆ ತಟ್ಟಿದಳು. ನಾನು ಹೇಗೆ ಬದುಕಲಿ ಇದನ್ನು ಇಟ್ಟುಕೊಂಡು?

ಈಗ ನಿನ್ನ ವಾದ ಏನೆಂದು ನೊಯೆಲೀನ್ ಹೇಳಿದಳು. "ಡಾಕ್ಟ್ರೇ ಒಪ್ಕೊಂಡಿದಾರೆ. ಅವ್ಳಿಗೆ ಜಾಗ ಸಿಗೋವರ್ಗೂ ನಾನು ಎಲ್ಲಿಗೂ ಬರಲ್ಲ. ವಾಪಸ್ ಹೋಗಿ ಅವ್ರ ಕೈಕಾಲು ಹಿಡೀಲಿ, ಬೇಕಾದ್ರೆ ಅಪ್ಪಂಗೇನೂ ಆಗಿಲ್ಲ, ಸುಮ್ನೆ ಗಾಬರಿಯಾಯ್ತು ಅನ್ಲಿ" ಎಂದೆಯಂತೆ. ಅಪ್ಪಾ, ನನ್ನ ಮಾತನ್ನು ನನಗೇ ತಿರುಗಿಸಬೇಡ. ಬಾಕಿ ಇರುವ ಕೆಲಸ ಮುಗಿದ ಕೂಡಲೇ ಬರುತ್ತೇನೆ ಎಂದು ನೀನು ಮಾತು ಕೊಟ್ಟಿದ್ದು. ಆ ಕೆಲಸ ಮುಗಿಯಿತು. ಗುರುವಾರ ಮುಗಿಯಿತು. ಹಾಳಾಗಿ ಮುಗಿಯಿತು, ಆದರೆ ಮುಗಿಯಿತು. ಕಾಯುವುದಕ್ಕೆ ಇನ್ನು ಏನೂ ಉಳಿದಿಲ್ಲ. ನೀನು ಕೊಟ್ಟ ಮಾತಿಗೆ ತಪ್ಪಿದವನಲ್ಲ ಎಂದು ಈ ಊರಿನ ಮಣ್ಣೆಲ್ಲ ಹೇಳುತ್ತದೆ, ನನ್ನ ವಿಷಯದಲ್ಲಿ ಮಾತ್ರ ತಪ್ಪುತ್ತೀಯಾ?

ಶುಕ್ರವಾರ ಬೆಳಗ್ಗೆ ನಮ್ಮ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಕ್ಯಾಮೆರಾ ಇಳಿಸುವ ಹುಡುಗಿ ನನ್ನ ಗೆಳತಿ, ಒಳ್ಳೆಯ ಕೈ. ನಾಳೆ ಸಂಜೆ ಬಸ್ಸಿದೆ. ನಿನಗೆ ಸೀಟು ಮುಂದುಗಡೆ, ಕಾಲು ಚಾಚಬಹುದು. ಪ್ಲಮ್ ಸಾರಾಯಿಯ ಬಾಟಲಿ ತರಬೇಡ. ಹಲ್ಲಿನ ಸೆಟ್ಟು ಮರೆಯಬೇಡ. ಅಲ್ಲಿ ನೀನು ಯಾರಿಗೂ ಮೊದಲಿನಿಂದ ಕಥೆ ಹೇಳಬೇಕಾಗಿಲ್ಲ. ನಿನ್ನ ಕಥೆಯನ್ನು ನಾನು ಹೇಳುತ್ತೇನೆ, ಪಕ್ಕದಲ್ಲೇ ನಿಂತಿರುತ್ತೇನೆ, ಎರಡನೇ ಸಲವೂ ನೋಡುತ್ತೇನೆ, ಮೂರನೇ ಸಲವೂ ನೋಡುತ್ತೇನೆ. ಊರಿಗೆಲ್ಲ ಡಾಕ್ಟರಾಗುವ ಯೋಗ ನನಗಿಲ್ಲದಿದ್ದರೆ ಬೇಡ. ಒಬ್ಬ ರೋಗಿಗೆ ಡಾಕ್ಟರಾಗುವುದಕ್ಕೆ ಯಾರ ಅಪ್ಪಣೆ ಬೇಕು?

ನಿನಗೆ ನೆನಪಿದೆಯೋ ಇಲ್ಲವೋ. ನಾನು ಚಿಕ್ಕವಳಿದ್ದಾಗ ನೀನು ಬಾವಿಯಂಥ ಗುಂಡಿಯ ತಳದಲ್ಲಿ ಅಗೆಯುತ್ತಿದ್ದೆ. ಅಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಬ್ರೆಡ್ಡು, ಎಲೆಕೋಸಿನಲ್ಲಿ ಸುತ್ತಿದ ಮಾಂಸ ಇಟ್ಟುಕೊಡುತ್ತಿದ್ದಳು. ನಾನು ದಿಬ್ಬದ ಮೇಲೆ ಬೋರಲು ಮಲಗಿ ದಾರ ಕಟ್ಟಿ ಇಳಿಬಿಡುತ್ತಿದ್ದೆ. ಕತ್ತಲೆಯಲ್ಲಿ ನೀನು ಕಾಣುತ್ತಿರಲಿಲ್ಲ. ಡಬ್ಬಿ ಕೈಗೆ ಸಿಕ್ಕಿದ ಮೇಲೆ ನೀನು ಎರಡು ಸಲ ದಾರ ಜಗ್ಗುತ್ತಿದ್ದೆ. ಆ ಎರಡು ಜಗ್ಗು ಬರುವ ತನಕ ನನಗೆ ಉಸಿರೇ ಇರುತ್ತಿರಲಿಲ್ಲ. ಅಪ್ಪ ಇದ್ದಾನೆ ಎಂದು ಅಮ್ಮನಿಗೆ ಹೇಳುವುದಕ್ಕೆ ಓಡುತ್ತಿದ್ದೆ.

ಇನ್ನು ಬರೆಯಲಾರೆ. ಬೈ, ಹೊಡಿ, ಮಗಳೇ ಅಲ್ಲ ಎನ್ನು. ಬಸ್ಸಿನಲ್ಲಿ ಪಕ್ಕ ಕೂತು ಅನ್ನು.

ನೀನು ಬೇಡವೆಂದರೂ ನಿನ್ನವಳೇ ಆದ,
ದಾನಿತ್ಸಾ

ಮರೆತ ಮಾತು: ಮೇಲೆ ಎರಡು ಕಡೆ ಸುಳ್ಳು ಬರೆದಿದ್ದೇನೆ, ನಾನೂ ಕಲ್ಲು ತೋಡುವವನ ಮಗಳೇ. ಗೊತ್ತಾದ ತಕ್ಷಣ ಎದ್ದೆ ಎಂದೆನಲ್ಲ, ಏಳಲಿಲ್ಲ. ಆ ಹೆಂಗಸಿನ ಕೋಣೆ ಮುಗಿಸಿದೆ. ಮುಂದಿನ ಕೋಣೆಗೂ ಹೋದೆ. ಸಿಗರೇಟು ಬಿಡಲಾರದ ಒಬ್ಬನ ಜೊತೆ ಮೆತ್ತಗೆ ಮಾತಾಡುತ್ತ ಕೂತಿದ್ದೆ, ಕೊನೆಯ ಅವಕಾಶ, ಬಿಟ್ಟರೆ ಸಿಗುವುದಿಲ್ಲ ಎಂದು. ಅಲ್ಲಿ ನೀನು ನೆನೆಸಿದ ಬ್ರೆಡ್ಡು ನುಂಗುತ್ತಿದ್ದೀಯ ಎಂದು ಗೊತ್ತಿದ್ದೂ ಕೂತಿದ್ದೆ. ಅವನಿಗೆ "ನಿಮ್ಮನ್ನ ಹೆಚ್ಚು ಕಾಡ್ತಿರೋ ಚಿಂತೆ ಏನು?" ಎಂದು ಕೇಳಿದೆ, ಅವನ ಉತ್ತರಕ್ಕೂ ಕಾಯದೆ ಆಗ ಎದ್ದೆ. ಬೇಸರವಿಲ್ಲ ಎಂದದ್ದೂ ಸುಳ್ಳು. ಆ ನೀಲಿ ಕೋಣೆ ನನಗೆ ಬೇಕಿತ್ತು ಅಪ್ಪ, ಬಹಳ ಬೇಕಿತ್ತು.

ಲಕೋಟೆ ಹುಡುಕಬೇಡ, ಅಂಚೆಯಲ್ಲಿ ಬಂದದ್ದಲ್ಲ ಇದು. ಬೆಳಗ್ಗೆ ಬಸ್ಸಿಳಿದು ನೇರ ಬಂದು ನಿನ್ನ ಬಾಗಿಲು ಬಡಿದೆ. "ಹೋಗು ನೊಯೆಲೀನ್, ಹಸಿವಿಲ್ಲ" ಎಂದೆ ನೀನು. ಆ ಸೋತ ದನಿ ಕೇಳಿ, ನಾನು ನೊಯೆಲೀನ್ ಅಲ್ಲ ಎಂದೂ ಹೇಳದೆ ದಿಬ್ಬ ಹತ್ತಿಬಿಟ್ಟೆ. ಈಗ ನಿನ್ನ ತಲೆಯ ಮೇಲೆ, ದಿಬ್ಬದಲ್ಲಿ, ನಿನ್ನ ಮನೆಗೆ ಗಾಳಿ ಇಳಿಸುವ ಕೊಳವೆಯ ಪಕ್ಕ ಕೂತಿದ್ದೇನೆ. ಸೂಪಿನ ಮೇಲೆ ಮಣ್ಣು ಉದುರಿದರೆ ಅದು ನನ್ನ ಕಾಲಿನದು. ನೊಯೆಲೀನಳ ಅಂಗಡಿಯಿಂದ ಬಿಸ್ಕತ್ತಿನ ಡಬ್ಬಿ ತಂದಿದ್ದೇನೆ, ಕಾಗದವನ್ನು ಅದರಲ್ಲಿಟ್ಟು ದಾರ ಕಟ್ಟಿ ಕೊಳವೆಯೊಳಗೆ ಇಳಿಬಿಡುತ್ತೇನೆ. ಬಾಗಿಲು ತೆಗೆಯುವ ಮನಸ್ಸಿಲ್ಲದಿದ್ದರೆ ಈಗಲೇ ತೆಗೆಯಬೇಡ, ನಾನು ಇಲ್ಲೇ ಇರುತ್ತೇನೆ. ದಾರ ನನ್ನ ಕೈಯಲ್ಲಿದೆ. ಓದಿದ ಮೇಲೆ ಎರಡು ಸಲ ಜಗ್ಗು ಅಪ್ಪ.